ಮಗ್ಗಲ ಮನೆಗೆ ಮೊದಲು

ಬಾಗಲಕೋಟೆಯ ನಮ್ಮ ಟೆಲಿಫೋನ್ ಆಫೀಸಿನ ಮೇಲಿನ ಹಾಲಿನಲ್ಲಿ ಹೋದ ವಾರ ಅಕ್ಕಾವರ ನಿವೃತ್ತಿಯ ಬೀಳ್ಕೊಡುಗೆ ಆಯಿತು. ಶಾಲು, ಹಾರ, ಒಂದು ಗೋಡೆ ಗಡಿಯಾರ, ಆಮೇಲೆ ಚೂಡಾ, ಪೇಡೆ, ಚಹಾ. ಸಾಹೇಬರು ಎಲ್ಲರ ಬೀಳ್ಕೊಡುಗೆಯಲ್ಲೂ ಹೇಳುವ ಮಾತನ್ನೇ ಹೇಳಿ ನನ್ನ ಹೆಸರು ಕೂಗಿದರು. ಇಳಕಲ್ಲಿನ ಎಕ್ಸ್‌ಚೇಂಜಿನಲ್ಲಿ ಅಕ್ಕಾವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವನು ಅಲ್ಲಿ ನಾನೊಬ್ಬನೇ. ನನ್ನ ಬಾಯಿ ಎಂಥದ್ದು ಅನ್ನುವುದು ಆಫೀಸಿಗೆಲ್ಲ ಗೊತ್ತು. ಯೂನಿಯನ್ ಸಭೆಗಳಲ್ಲಿ ನನ್ನ ಕೈಯಿಂದ ಮೈಕು ಕಸಿದುಕೊಳ್ಳಬೇಕಾಗುತ್ತದೆ. ಅಂಥವನು ಅವತ್ತು ಮೈಕಿನ ಮುಂದೆ ನಿಂತು, "ಅಕ್ಕಾರ ಬಗ್ಗೆ ಏನ್ ಹೇಳಬೇಕ್ರಿ" ಅಂದೆ, ಕಣ್ಣು ತುಂಬಿ ಬಂತು, ವಾಪಸ್ಸು ಬಂದು ಕುಂತೆ.

ಅಕ್ಕಾವರು ಮಾತ್ರ ನೆಟ್ಟಗೆ ನಿಂತು ಮಾತಾಡಿದರು. "ನಾ ಏನೂ ದೊಡ್ಡ ಕೆಲಸಾ ಮಾಡಿಲ್ರಿ. ಕೇಳಿದವರಿಗೆ ಲೈನ್ ಕೊಟ್ಟೇನಿ. ಒಮ್ಮೊಮ್ಮೆ ಸ್ವಲ್ಪ ತಡಾ ಮಾಡಿ ಕೊಟ್ಟೇನಿ." ಇಷ್ಟೇ ಹೇಳಿ ಕುಂತರು. ಸಭೆ ನಕ್ಕಿತು. ಆ ತಡ ಎಂಥ ತಡ ಅನ್ನುವುದು ನಕ್ಕವರಿಗೆ ಗೊತ್ತಿರಲಿಲ್ಲ. ಮೈಕಿನಲ್ಲಿ ಬರದೇ ಹೋದದ್ದನ್ನು ಕೂತು ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನಮ್ಮ ಮುಖ ನೋಡುವುದಿಲ್ಲವಲ್ಲ, ಅದೊಂದು ಸುಖ.

ಅವರಿಗೆ ಒಂದು ಹೆಸರಿತ್ತು. ಪಗಾರದ ದಿನ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ, ನಾನೂ ಇಲ್ಲಿ ಬಳಸುವುದಿಲ್ಲ. ಇಳಕಲ್ಲಿಗೆಲ್ಲ ಅವರು ಅಕ್ಕಾರು. ಎಪ್ಪತ್ತರ ದಶಕದ ಶುರುವಿನಲ್ಲೇ ಅವರು ಆ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಬಂದಿದ್ದರು. ನಾನು ಎಂಬತ್ತರ ನಂತರ ಮೆಕ್ಯಾನಿಕ್ ಆಗಿ ಹೋದಾಗ ಅವರಿಲ್ಲದ ಎಕ್ಸ್‌ಚೇಂಜು ಹೇಗಿತ್ತು ಅನ್ನುವುದನ್ನು ಊರು ಮರೆತೇಬಿಟ್ಟಿತ್ತು. ದಪ್ಪ ಕುಂಕುಮ, ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಆ ಸೆರಗಿನ ಮೇಲೆ ಹೆಡ್‌ಫೋನು. ಹೆಡ್‌ಫೋನಿನ ಕಬ್ಬಿಣದ ಪಟ್ಟಿಯೇ ಅವರ ಸೆರಗನ್ನು ಹಿಡಿದು ನಿಲ್ಲಿಸುತ್ತಿತ್ತು. ಮೇಜಿನ ಖಾನೆಯಲ್ಲಿ ಬಾಯಾಡಿಸಲು ಪುಟಾಣಿ ಕಾಳು, ಬೆಲ್ಲ. ಬೆಳಿಗ್ಗೆ ಬಂದವರು ಬೋರ್ಡಿಗೆ ಕೈ ಮುಗಿದು, ಗಂಟಲು ಸರಿಮಾಡಿಕೊಂಡು ಕುಂತರೆಂದರೆ ಊರಿನ ಬಾಯಿ ತೆರೆಯಿತು ಅಂತ ಲೆಕ್ಕ.

ಆಗಿನ ಫೋನಿಗೆ ಡಯಲ್ ಇರಲಿಲ್ಲ, ಪಕ್ಕದಲ್ಲಿ ಒಂದು ಹಿಡಿಕೆ. ಮನೆಯಲ್ಲಿ ಹಿಡಿಕೆ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಆ ಮನೆಯ ಸಣ್ಣ ಮುಚ್ಚಳ ಟಪ್ಪನೆ ಕೆಳಗೆ ಬೀಳುತ್ತಿತ್ತು. ಅಕ್ಕಾವರು ವೈರು ಚುಚ್ಚಿ "ಹೇಳ್ರಿ" ಅಂದರೆ ಆ ಕಡೆಯವರು ನಂಬರ್ ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ. "ಅಕ್ಕಾರ, ದವಾಖಾನಿಗೆ ಕೊಡ್ರಿ," "ಅಕ್ಕಾರ, ನಮ್ಮ ಮಾವಗ ಕೊಡ್ರಿ," "ಅಕ್ಕಾರ, ನಮ್ಮ ಮನಿಯವ್ರು ಎಲ್ಲಿ ಹೋಗ್ಯಾರ ನೋಡಿ ಕೊಡ್ರಿ." ನೋಡಿ ಕೊಡುತ್ತಿದ್ದರು. ನಾಲ್ಕು ಅಂಗಡಿಗೆ ವೈರು ಚುಚ್ಚಿ ಐದನೆಯದರಲ್ಲಿ ಹಿಡಿಯುತ್ತಿದ್ದರು.

ಒಮ್ಮೆ ನಾನು ಕೇಳಿಯೇಬಿಟ್ಟೆ, "ಅಕ್ಕಾರ, ಮಂದಿ ಮಾತು ಕೇಳ್ತೀರೇನ್ರಿ ನೀವು?"

"ಕಿವಿ ಐತಿ, ಬೀಳ್ತೈತಿ," ಅಂದರು. "ಬಿದ್ದದ್ದು ಬಾಯಿಗೆ ಬರಂಗಿಲ್ಲ, ಅಷ್ಟ."

ಅವರ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಯಾವ ಪುಸ್ತಕದಲ್ಲೂ ಇಲ್ಲದ್ದು, ಯಾವ ಸಾಹೇಬರೂ ಹೇಳಿಕೊಡದ್ದು. ಸಾವಿನ ಸುದ್ದಿ ಬಂದರೆ ಅದನ್ನು ಆ ಮನೆಗೆ ನೇರವಾಗಿ ಬಿಡುತ್ತಿರಲಿಲ್ಲ. ಸೊಲ್ಲಾಪುರದಿಂದಲೋ ಹುಬ್ಬಳ್ಳಿಯಿಂದಲೋ ಟ್ರಂಕ್ ಕಾಲ್ ಬಂದು, ಆ ಕಡೆಯವರ ದನಿ ನಡುಗುತ್ತಿದ್ದರೆ, "ಒಂದ್ ಸ್ವಲ್ಪ ಹಿಡೀರಿ" ಅಂದು ಅವರನ್ನು ನಿಲ್ಲಿಸುತ್ತಿದ್ದರು. ಇನ್ನೊಂದು ವೈರು ತೆಗೆದು ಮಗ್ಗಲ ಮನೆಗೆ ಚುಚ್ಚುತ್ತಿದ್ದರು. "ಬಸಣ್ಣಾರ, ಮನ್ಯಾಗ ಅದೀರಿ? ಸ್ವಲ್ಪ ಮಗ್ಗಲ ಮನಿಗೆ ಹೋಗಿ ಕುಂಡ್ರಿ. ಯಾಕಂತ ಕೇಳಬ್ಯಾಡ್ರಿ." ಆಮೇಲೆ ಪುಟಾಣಿಯ ಒಂದು ಕಾಳು ಬಾಯಿಗೆ ಹಾಕಿಕೊಂಡು, ಅಗಿಯದೆ, ಗೋಡೆ ನೋಡುತ್ತ ಕೂಡುತ್ತಿದ್ದರು. ಬಸಣ್ಣ ಚಪ್ಪಲಿ ಮೆಟ್ಟಿ, ಬಾಗಿಲು ದಾಟಿ, ಆ ಮನೆಯ ಕಟ್ಟೆಯ ಮೇಲೆ ಕುಂಡ್ರುವಷ್ಟು ಹೊತ್ತು ಕಾಯುತ್ತಿದ್ದರು. ಆಮೇಲೆ ಲೈನು ಕೊಟ್ಟು ಎರಡೂ ಕಡೆಯವರಿಗೂ ಒಂದೇ ಮಾತು: "ಮಾತಾಡ್ರಿ. ನಾ ಇಲ್ಲೇ ಅದೇನಿ."

ಇಂಥ ಪದ್ಧತಿಯ ಹಿಂದೆ ಒಂದು ದುಃಖದ ಕಥೆ ಇರಲೇಬೇಕು ಅಂತ ನನ್ನ ಲೆಕ್ಕ. ಒಂದು ದಿನ ಸಲಿಗೆಯಿಂದ, "ನಿಮಗೂ ಯಾರರೆ ಹಿಂಗ ಒಮ್ಮೆಲೇ ಸಾವಿನ ಸುದ್ದಿ ಹೇಳಿದ್ರೇನ್ರಿ?" ಅಂದೆ.

"ಇಲ್ಲಪ್ಪಾ. ನಮ್ಮಪ್ಪ ನನ್ನ ತೊಡಿಮ್ಯಾಲ ಹೋದ. ನನ್ನ ಗಂಡ ಗಿರಣ್ಯಾಗ ಕುಂತಾನ, ಊಟಕ್ಕ ಕುಂತ್ರ ಆರು ರೊಟ್ಟಿ ತಿಂತಾನ," ಅಂದರು. "ನೀರಿನ ಕೊಡಾ ತಲೀಮ್ಯಾಲ ಹೊತ್ಕೋಬೇಕಾದ್ರ ಹೊರಸಾಕ ಒಬ್ರು ಬೇಕೋ ಬ್ಯಾಡೋ? ಇದೂ ಹಂಗ. ಅದಕ್ಕೇನು ದೊಡ್ಡ ಕಾರಣ ಬೇಕು?"

ಬಾದಾಮಿಯಲ್ಲಿದ್ದ ನನ್ನ ಅಪ್ಪನಿಗೂ ಅಕ್ಕಾವರಿಗೂ ಒಳ್ಳೆಯ ದೋಸ್ತಿ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅಪ್ಪ ಪ್ರತಿ ಸೋಮವಾರ ಸಂಜೆ ಕಿರಾಣಿ ಅಂಗಡಿಗೆ ಹೋಗಿ ನನಗೆ ಫೋನ್ ಬುಕ್ ಮಾಡುತ್ತಿದ್ದ. ನನ್ನ ಕೈಗೆ ಫೋನು ಬರುವ ಹೊತ್ತಿಗೆ ಅಪ್ಪನ ಮೊಣಕಾಲಿನ ನೋವು, ತಮ್ಮನ ಹೆಂಡತಿಯ ಕೈರುಚಿ, ಅಗಸ್ತ್ಯತೀರ್ಥ ಕೆರೆಯ ನೀರಿನ ಮಟ್ಟ ಎಲ್ಲ ಅಕ್ಕಾವರಿಗೆ ವರದಿಯಾಗಿ, ನನಗೆ ಉಳಿಯುತ್ತಿದ್ದದ್ದು "ಆರಾಮ ಅದೀಯಲ್ಲ? ಫೋನ್ ಇಡ್ಲೇನು ಹಂಗಾದ್ರ?" ಅನ್ನುವುದು ಮಾತ್ರ. ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಮಶೀನು ಬಂತು. ಪೂರ್ತಿ ಎಲೆಕ್ಟ್ರಾನಿಕ್, ಡಿಜಿಟಲ್ ಎಕ್ಸ್‌ಚೇಂಜು. ಬೀರುವಿನಷ್ಟು ಗಾತ್ರ, ಸದ್ದಿಲ್ಲ, ಒಳಗೆ ಹಸಿರು ಕೆಂಪು ದೀಪ ಮಿಣುಕುತ್ತಿರುತ್ತವೆ. ಅದರ ತರಬೇತಿಗೆ ನನ್ನನ್ನು ಬೆಂಗಳೂರಿಗೆ ಕಳಿಸಿದ್ದರು. ವಾಪಸ್ಸು ಬಂದಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಲಾರಿಯಿಂದ ಇಳಿಸುವಾಗ ಲೈನ್‌ಮನ್ ಹುಸೇನಸಾಬ, "ಇದೇನಲೇ, ಬರೇ ಖಾಲಿ ತಿಜೋರಿ ಇದ್ದಂಗ ಐತಿ" ಅಂದದ್ದಕ್ಕೆ ಅವನ ಮೇಲೆ ಹರಿಹಾಯ್ದೆ. ಅಕ್ಕಾವರನ್ನು ಕರೆದು ನಿಲ್ಲಿಸಿ ಪಾಠ ಶುರುಮಾಡಿದೆ.

"ನೋಡ್ರಿ ಅಕ್ಕಾರ, ನಾವು ಆಡಿದ ಮಾತನ್ನ ಇದು ಸಣ್ಣ ಸಣ್ಣ ತುಂಡು ಮಾಡ್ತೈತಿ. ಒಂದೊಂದು ತುಂಡೂ ಒಂದು ಅಂಕಿ ಆಗ್ತೈತಿ, ಬರೇ ಸೊನ್ನಿ ಮತ್ತ ಒಂದು. ಆ ಕಡೆ ಹೋಗಿ ಮತ್ತ ಕೂಡಿಸಿ ಮಾತು ಮಾಡ್ತೈತಿ."

ಅವರು ಕೈಕಟ್ಟಿ ನಿಂತು ಕೇಳಿದರು. "ಅಳು ಬಂದ್ರ?"

"ಅದನ್ನೂ ತುಂಡು ಮಾಡ್ತೈತ್ರಿ."

"ಆ ಕಡೆ ಕೂಡಿಸಿ ಕೊಡ್ತೈತಿ?"

"ಇದ್ದಂಗ ಕೊಡ್ತೈತಿ. ನಿಮ್ಮ ಬೋರ್ಡಿಗಿಂತ ಸ್ವಚ್ಛ."

"ಕೇಳಿದಾಕಿ ತಲಿ ತಿರುಗಿ ಬಿದ್ರ ಹಿಡೀತೈತೇನು?"

ನಾನು ನಕ್ಕೆ. ಹುಸೇನಸಾಬನೂ ನಕ್ಕ. ಅಕ್ಕಾವರು ನಗಲಿಲ್ಲ. ಸೆರಗಿನ ತುದಿಯಿಂದ ಬೀರುವಿನ ಮೇಲಿನ ಧೂಳು ಒರೆಸಿ, ಕುಂಕುಮ ಹಚ್ಚಿ, ತಾವೇ ಕಾಯಿ ಒಡೆದರು. ಮಶೀನಿನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಹಳೆಯದೇ ಚೆಂದ ಅನ್ನುವ ಜಾತಿಯವರಲ್ಲ ಅವರು. ಹೆರಿಗೆ ನೋವು ಬಂದವಳ ಗಂಡ ಲೈನು ಸಿಗದೆ ಒದ್ದಾಡಿದ್ದನ್ನು ಅವರಷ್ಟು ಕಂಡವರು ಯಾರಿದ್ದರು? ಮಶೀನು ಬೇಗ ಕೊಡುತ್ತದೆ ಅನ್ನುವುದು ಅವರಿಗೆ ಖುಷಿಯೇ. ಬೇಗ ಕೊಡಬಾರದ್ದನ್ನೂ ಅಷ್ಟೇ ಬೇಗ ಕೊಟ್ಟುಬಿಡುತ್ತದಲ್ಲ, ಅದೊಂದೇ ಅವರ ಚಿಂತೆ.

ಹೊಸ ಫೋನು ಬಂದ ವಾರ ಊರಿನಲ್ಲಿ ನಡೆದದ್ದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಹತ್ತಿ ವ್ಯಾಪಾರದ ಹಿರಿಯರೊಬ್ಬರು ರಿಸೀವರ್ ಎತ್ತಿ, ಡಯಲ್ ಮಾಡದೆ, ಆ ಗುಂಯ್ ಅನ್ನುವ ಸದ್ದಿನ ಜೊತೆ ಮಾತಾಡಿದ್ದರು. "ಯಾಕವಾ, ಮಾತಾಡವಲ್ಲಿ? ಗಂಟಲಾ ಕಟ್ಟೈತೇನು?" ಮರುದಿನ ಶುಂಠಿ ಕಷಾಯದ ಚರಿಗೆ ಹಿಡಿದು ಎಕ್ಸ್‌ಚೇಂಜಿಗೇ ಬಂದರು. ಅಕ್ಕಾವರು ಅದನ್ನು ಪೂರಾ ಕುಡಿದು, "ಈಗ ಆರಾಮ ಆತ್ರಿ" ಅಂದು ಕಳಿಸಿಕೊಟ್ಟರು.

ಆದರೆ ತಿಂಗಳೊಪ್ಪತ್ತಿನಲ್ಲಿ ಬೇರೆ ಸಂಗತಿ ಕಾಣತೊಡಗಿತು. ಸೀರೆ ವ್ಯಾಪಾರದ ಅಣ್ಣತಮ್ಮಂದಿರಿಬ್ಬರು, ಊರ ಆ ತುದಿ ಈ ತುದಿಗೆ ಅಂಗಡಿ. ಒಳಗೊಳಗೆ ವೈಮನಸ್ಸು ಮೊದಲಿನಿಂದ ಇತ್ತು. ಆದರೂ ಅಕ್ಕಾವರ ಕಾಲದಲ್ಲಿ ಫೋನಿನಲ್ಲಿ "ಅಣ್ಣಾರ, ಊಟ ಆತೇನ್ರಿ" ಅಂತಲೇ ಶುರುವಾಗುತ್ತಿತ್ತು. ಮಶೀನು ಬಂದು ನಡುವೆ ಯಾರೂ ಇಲ್ಲ ಅನ್ನುವುದು ಖಾತ್ರಿಯಾದ ಮೇಲೆ ಎದುರಿಗೆ ಎಂದೂ ಆಡದ ಮಾತುಗಳನ್ನು ಇಬ್ಬರೂ ಫೋನಿನಲ್ಲಿ ಆಡಿದರು. ಯುಗಾದಿಗೆ ಒಬ್ಬರ ಮನೆಗೊಬ್ಬರು ಹೋಗಲಿಲ್ಲ. ಮೊದಲು ಟ್ರಂಕ್ ಕಾಲಿಗೆ ಅರ್ಧ ದಿನ ಕಾಯುತ್ತಿದ್ದ ಮಂದಿ ಈಗ ನಾಲ್ಕು ಸಲ ಬಾರಿಸಿ ಎತ್ತದಿದ್ದರೆ, "ಬೇಕಂತ ಎತ್ತವಲ್ರು" ಅಂತ ಸಿಟ್ಟಾಗುತ್ತಿದ್ದರು. ಅಕ್ಕಾವರಿಗೆ ಇದನ್ನು ಹೇಳಿದಾಗ ಅವರೇನೂ ಆಶ್ಚರ್ಯಪಡಲಿಲ್ಲ. "ನಾ ಕೇಳ್ತೇನಂತ ಮಂದಿಗೆ ಸಂಶೇ ಇತ್ತಲ್ಲ, ಆ ಸಂಶೇನ ಅವರ ನಾಲಗಿ ಕಾಯತಿತ್ತು," ಅಂದರು.

ಅಪ್ಪನೂ ಗೊಣಗಿದ. ಬಾದಾಮಿಯಿಂದ ಇಳಕಲ್ಲಿಗೆ ನೇರ ಡಯಲ್ ಆದ ಮೇಲೆ ಅಪ್ಪನ ಫೋನು ಎರಡೇ ನಿಮಿಷಕ್ಕೆ ಮುಗಿಯುತ್ತಿತ್ತು. "ಆ ಹೆಣ್ಣಮಗಳ ದನಿ ಇಲ್ಲದ ಫೋನು ಮಾಡಿದಂಗ ಅನಸೂದಿಲ್ಲಪಾ. ಬಾಗಲಾ ತೆರಿಯೋರಿಲ್ಲದ ಮನಿ ಹೊಕ್ಕಂಗ ಆಗ್ತೈತಿ." ನಾನು, "ಸುಧಾರಿಸ್ಕೋಬೇಕಪ್ಪಾ, ಕಾಲ ಬದಲಾಗೈತಿ" ಅಂತ ಭಾಷಣ ಮಾಡಿದೆ.

ಇಷ್ಟರಲ್ಲಿ ಗೌರವ್ವನ ಪ್ರಕರಣ ನಡೆಯಿತು.

ಗೌರವ್ವ ನಮ್ಮ ಮಗ್ಗಲ ಮನೆಯವಳು. ನಮ್ಮದು ಓಣಿಯ ಕೊನೆಯ ಮನೆ, ಆಚೆ ಬಯಲು, ಒಂದು ಬೇವಿನ ಗಿಡ. ಈಚೆ ಗೌರವ್ವನ ಮನೆ, ಅವಳ ಮನೆಯ ಆ ಕಡೆ ಹತ್ತಿಯ ಗೋದಾಮು. ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಅವಳ ಗಂಡ ಸೀರೆಯ ಗಂಟು ಹೊತ್ತು ಊರೂರು ತಿರುಗುವವನು, ವ್ಯಾಪಾರಕ್ಕೆಂದು ಮನೆಗೆ ಫೋನು ಹಾಕಿಸಿಕೊಂಡಿದ್ದ; ನಮ್ಮ ಮನೆಗೆ ಇಲಾಖೆಯ ಫೋನಿತ್ತು. ಹಗಲೆಲ್ಲ ಅವಳು ಒಬ್ಬಳೇ ಕುಂತು ಸೆರಗಿಗೆ ಕಸೂತಿ ಹಾಕುತ್ತಿದ್ದಳು. ಹುನಗುಂದದಲ್ಲಿದ್ದ ಅವಳ ತಮ್ಮ ಬಾವಿಯ ಮೋಟರಿನ ಕರೆಂಟು ಹೊಡೆದು ಸತ್ತ. ಸಂಬಂಧಿಕನೊಬ್ಬ ಫೋನಿಗೆ ಕುಂತು ಒಬ್ಬೊಬ್ಬರಿಗೇ ಸುದ್ದಿ ಮುಟ್ಟಿಸುತ್ತ ಇವಳಿಗೂ ಮಾಡಿದ. "ನಿನ್ನ ತಮ್ಮ ಹೋದ. ಲಗೂನ ಬಾ," ಅಂದು ಇಟ್ಟ. ಅವನಿಗೆ ಇನ್ನೂ ಎಷ್ಟೋ ಮನೆಗೆ ಹೇಳುವುದಿತ್ತು, ಅವನದೇನೂ ತಪ್ಪಿಲ್ಲ. ಗೌರವ್ವ ಹೊಸ್ತಿಲಿನ ಮೇಲೆ ಬಿದ್ದಳು. ಹಣೆ ಒಡೆದಿತ್ತು. ಗಂಡ ಬಂದು ನೋಡುವವರೆಗೂ ಅಲ್ಲೇ ಬಿದ್ದಿದ್ದಳು. ಗೋಡೆಯ ಈಚೆ ನನ್ನ ಹೆಂಡತಿ ಒಳಕಲ್ಲಿನಲ್ಲಿ ರುಬ್ಬುತ್ತಿದ್ದಳು, ಆ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸಿರಲಿಲ್ಲ.

ಗಾಯ ಮಾಯಿತು, ಹಣೆಯ ಮೇಲೆ ಗೆರೆ ಉಳಿಯಿತು. ಫೋನನ್ನು ಮಾತ್ರ ಅವಳು ಮುಟ್ಟಲಿಲ್ಲ. ಹಳೆಯ ಖಣದ ತುಂಡೊಂದನ್ನು ಅದರ ಮೇಲೆ ಹೊದಿಸಿಬಿಟ್ಟಳು. ಬಾರಿಸತೊಡಗಿದರೆ ಎದ್ದು ಹೊರಗೆ ಬೇವಿನ ಗಿಡದವರೆಗೆ ಹೋಗಿ ನಿಲ್ಲುವಳು, ಗಂಟೆ ನಿಂತ ಮೇಲೆ ಒಳಗೆ ಬರುವಳು. ಗಂಡ ಬೈದ, ಅತ್ತೆ ಬೈದಳು, ಏನೂ ನಡೆಯಲಿಲ್ಲ.

ಈ ಸುದ್ದಿ ಕೇಳಿದ ದಿನ ಅಕ್ಕಾವರು ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ಅವರಿಗೆ ಬಾಗಲಕೋಟೆಗೆ ವರ್ಗದ ಆರ್ಡರು ಬಂದಿತ್ತು. ಬೋರ್ಡಿಲ್ಲದ ಊರಿನಲ್ಲಿ ಆಪರೇಟರಿಗೇನು ಕೆಲಸ? ಉಳಿದಿದ್ದ ರಜೆಯನ್ನೆಲ್ಲ ಬರೆದುಕೊಟ್ಟು, ನನ್ನ ಮೇಜಿನ ಮುಂದೆ ಬಂದು ನಿಂತರು.

"ನೀ ಹೆಂಗೂ ಮನಿ ಮನಿಗೆ ಹೋಗಿ ಡಯಲ್ ತಿರುಗಸೂದು ಕಲಸ್ತಿ. ನಾ ನಿನ್ನ ಕೂಡ ಬರ್ತೇನಿ."

"ನೀವೇನು ಕಲಸ್ತೀರಿ ಅಕ್ಕಾರ?"

"ತಡಾ ಮಾಡೂದು ಕಲಸ್ತೇನಿ."

ಹೀಗೆ ನಮ್ಮಿಬ್ಬರ ಯಾತ್ರೆ ಶುರುವಾಯಿತು. ಹುಸೇನಸಾಬ ಏಣಿ ಹೊತ್ತು ಹಿಂದೆ. "ಅಕ್ಕಾರು ಮಶೀನಿಗೆ ರೀತಿ ರಿವಾಜು ಕಲಸಾಕ ಹೊಂಟಾರ," ಅಂತ ಅವನ ಚೇಷ್ಟೆ. ಪ್ರತಿ ಮನೆಯಲ್ಲೂ ನಾನು ಡಯಲ್ ತೋರಿಸುತ್ತಿದ್ದೆ, ಆಮೇಲೆ ಅವರು ಹೇಳುತ್ತಿದ್ದರು. ಕೆಟ್ಟ ಸುದ್ದಿ ಯಾರಿಗಾದರೂ ಹೇಳುವುದಿದ್ದರೆ ಮೊದಲು ಅವರ ಮಗ್ಗಲ ಮನೆಗೆ ಫೋನ್ ಮಾಡಬೇಕು. ಎರಡು ಸಲ ಬಾರಿಸಿ ಇಟ್ಟುಬಿಡಬೇಕು, ಆಮೇಲೆ ಮತ್ತೆ ಬಾರಿಸಬೇಕು. ಹಾಗೆ ಬಾರಿಸಿತು ಅಂದರೆ ಎತ್ತುವವರು ಹೆದರಬೇಕಾಗಿಲ್ಲ. ಸುದ್ದಿ ಅವರದಲ್ಲ, ಮಗ್ಗಲ ಮನೆಯದು. ಎತ್ತಬೇಕು, ಯಾರ ಮನೆ ಅಂತ ಕೇಳಬೇಕು, ಹೋಗಿ ಕುಂಡ್ರಬೇಕು. ಆ ಮನೆಯ ಫೋನು ಆಮೇಲೆ ಬಾರಿಸುತ್ತದೆ.

ನನಗೆ ಇದು ಎರಡು ದಿನದ ಹುಚ್ಚು ಅನ್ನಿಸಿತ್ತು. ಹಾಗಂತ ಅವರ ಮುಂದೆಯೇ ಹೇಳಿದೆ. "ಮಂದಿ ಮರೀತಾರ್ರಿ ಅಕ್ಕಾರ."

"ಮರೀಲಿ. ಮತ್ತ ಹೇಳೂಣಂತ."

ಮೊದಲ ಮನೆಯಲ್ಲೇ ಎಡವಟ್ಟಾಯಿತು. ಒಬ್ಬ ಸೇಠರು, ಬಾಗಿಲಿಗೆ ಆಗಷ್ಟೇ ತೋರಣ ಕಟ್ಟಿದ್ದರು, ಮಗಳ ಮದುವೆ. ಅಕ್ಕಾವರು "ಸತ್ತ ಸುದ್ದಿ" ಅನ್ನುತ್ತಲೇ ಅವರ ಹೆಂಡತಿ ಕೈ ಅಡ್ಡ ಹಿಡಿದರು. "ಬಾಗಲದಾಗ ನಿಂತು ಅಂಥಾ ಮಾತು ಆಡಬ್ಯಾಡ್ರಿ ನಮ್ಮವ್ವಾ, ಹೋಗ್ರಿ." ನಾನು ಅವಮಾನವಾಗಿ ಅಲ್ಲಿಂದ ಸರಸರ ಹೊರಟೆ. ಅಕ್ಕಾವರು ಓಣಿಯ ತಿರುವಿನಲ್ಲಿ ನನ್ನನ್ನು ನಿಲ್ಲಿಸಿದರು. "ಆಕಿದೇನೂ ತಪ್ಪಿಲ್ಲ, ನಂದ ತಪ್ಪಾತು," ಅಂದರು. ಮುಂದಿನ ಮನೆಯಿಂದ ಆ ಪದ ಅವರ ಬಾಯಲ್ಲಿ ಬರಲಿಲ್ಲ. "ಭಾರದ ಸುದ್ದಿ" ಅಂದರು. "ಭಾರ ಇದ್ದದ್ದು ಒಬ್ರ ತಲೀಮ್ಯಾಲ ಇಡಬಾರದ್ರಿ" ಅಂದರು. ಮದುವೆ ಮುಗಿದ ಮೇಲೆ ಸೇಠರ ಮನೆಗೆ ಮತ್ತೆ ಹೋದರು. ಈ ಸಲ ಆ ಹೆಂಡತಿಯೇ ಉಡಿ ತುಂಬಿ, ಎಲ್ಲ ಕೇಳಿಸಿಕೊಂಡು ಕಳಿಸಿದಳು.

ವಕೀಲರೊಬ್ಬರು ಕನ್ನಡಕದ ಮೇಲಿನಿಂದ ನೋಡಿ, "ಇದು ನಿಮ್ಮ ಡ್ಯೂಟಿ ಅಲ್ಲಲ್ರಿ?" ಅಂದರು.

"ಹೌದ್ರಿ, ಅಲ್ಲ. ರಜಾ ಹಾಕಿ ಬಂದೇನಿ," ಅಂದರು ಅಕ್ಕಾವರು. ವಕೀಲರು ಕನ್ನಡಕ ಸರಿಮಾಡಿಕೊಂಡು ಕುರ್ಚಿ ತೋರಿಸಿದರು.

ಗೌರವ್ವನ ಮನೆಗೆ ಕೊನೆಗೆ ಹೋದೆವು. ಅವಳು ಕಸೂತಿ ಬಿಟ್ಟು ಏಳಲಿಲ್ಲ. ಖಣದ ಬಟ್ಟೆಯ ಕೆಳಗೆ ಫೋನು ಕುಂತಿತ್ತು. ಅಕ್ಕಾವರು ಅವಳ ಎದುರಿಗೆ ನೆಲದ ಮೇಲೆ ಕುಂತು, ಸೂಜಿಗೆ ದಾರ ಪೋಣಿಸಿಕೊಟ್ಟು, ಬಹಳ ಹೊತ್ತು ಬರೀ ಕಸೂತಿಯ ಮಾತೇ ಆಡಿದರು. ನನಗೆ ಬೇಸರ ಬಂತು. ಏಳುವ ಹೊತ್ತಿಗೆ ಫೋನಿನ ಕಡೆ ಕೈ ಮಾಡಿ, "ಅದನ್ನ ಎತ್ತಬ್ಯಾಡ ನೀ," ಅಂದರು.

ಗೌರವ್ವ ತಲೆಯೆತ್ತಿ ನೋಡಿದಳು. ಎತ್ತು ಅಂತ ಎಲ್ಲರೂ ಹೇಳಿದ್ದರು, ಎತ್ತಬೇಡ ಅಂತ ಯಾರೂ ಹೇಳಿರಲಿಲ್ಲ.

"ನಿನ್ನ ಸಲುವಾಗಿ ಎತ್ತಬ್ಯಾಡ. ಆದರ ಎರಡು ಸಲ ಬಾರಿಸಿ ನಿಂತು ಮತ್ತ ಬಾರಿಸಿತಂದ್ರ ಅದು ನಿಂದಲ್ಲ. ಮಗ್ಗಲ ಮನೀದು. ಅವರ ಸಲುವಾಗಿ ಎತ್ತು."

ಗೌರವ್ವ ಮತ್ತೆ ಕಸೂತಿಗೆ ತಲೆ ಬಗ್ಗಿಸಿದಳು. ನಾನು ಹೊರಗೆ ಬಂದು, "ಈಕಿ ಎತ್ತೂದು ಸುಳ್ಳು ಬಿಡ್ರಿ," ಅಂದೆ.

ಪದ್ಧತಿ ಹಿಡಿಯಿತೇ? ಮೊದಮೊದಲು ಹಿಡಿದದ್ದು ಅವಾಂತರವನ್ನೇ. ಅಂಗಡಿಯ ಮಲ್ಲೇಶಪ್ಪ ಯಾರಿಗೋ ಫೋನ್ ಮಾಡಿ, ಎರಡು ಸಲ ಬಾರಿಸುವಷ್ಟರಲ್ಲಿ ಹೇಳಬೇಕಾದದ್ದು ಮರೆತು ಇಟ್ಟು, ನೆನಪಾಗಿ ಮತ್ತೆ ಮಾಡಿದ. ಆ ಕಡೆ ಇದ್ದವರು ನಿವೃತ್ತ ಹೆಡ್‌ಮಾಸ್ತರರು, ಶಿಸ್ತಿನ ಮನುಷ್ಯ. ಫೋನೂ ಎತ್ತದೆ ಟೋಪಿ ಹಾಕಿಕೊಂಡು ಸೀದಾ ಮಗ್ಗಲ ಮನೆಗೆ ಹೋಗಿ, ಮುಖ ಗಂಟಿಕ್ಕಿಕೊಂಡು, ಕಾಟಿನ ಮೇಲೆ ಕುಂತರು. ಆ ಮನೆಯ ಹೆಂಗಸರು ಒಮ್ಮೆ ಮಾಸ್ತರರನ್ನು, ಒಮ್ಮೆ ಫೋನನ್ನು ನೋಡಿದರು. ಯಾರು ಅಂತ ಗೊತ್ತಿಲ್ಲದೆಯೇ ಅಳು ಶುರುವಾಯಿತು. ಅಳುತ್ತ ಅಳುತ್ತ ಊರಲ್ಲಿಲ್ಲದ ಸಂಬಂಧಿಕರ ಹೆಸರನ್ನೆಲ್ಲ ಒಂದೊಂದಾಗಿ ಹಿಡಿದರು. ಅತ್ತೆಯ ಹೆಸರು ಬಂದಾಗ ಅತ್ತೆಯೇ ಹಿತ್ತಲಿನಿಂದ ಒಳಗೆ ಬಂದು, "ಯಾಕ್ರೇ, ಏನಾತು?" ಅಂದಳಂತೆ.

ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಇನ್ನು ಈ ಹುಚ್ಚು ಮುಗಿಯಿತು ಅಂತ ನಾನು ತಿಳಿದೆ. ಅಕ್ಕಾವರು ಮರುದಿನ ಮಾಸ್ತರರ ಮನೆಗೆ ಹೋಗಿ ಕ್ಷಮೆ ಕೇಳಲಿಲ್ಲ, ಶಹಬ್ಬಾಸ್ ಅಂದು ಬಂದರು. "ಮಾಸ್ತರ್ರು ಹೋಗಿ ಕುಂತ್ರಲ್ಲ, ಅದು ಮುಖ್ಯ. ಮುಂದಿನ ಸಲ ಫೋನ್ ಎತ್ತಿ ಕೇಳಿ ಹೋಗ್ತಾರ." ಆಮೇಲೆ ಮತ್ತೊಂದು ಸುತ್ತು ಎಲ್ಲ ಮನೆಗೂ ಹೋದರು. ಫೋನ್ ಎತ್ತಿ ಮನೆಯ ಹೆಸರು ಕೇಳದೆ ಏಳಬಾರದು ಅನ್ನುವುದನ್ನು ಸೇರಿಸಿ ಮೊದಲಿನಿಂದ ಹೇಳಿದರು. ಕಾಲು ಬಾತಿದ್ದವು, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಡೆದರು. ರಜೆ ಮುಗಿದ ಮರುದಿನ ಬಾಗಲಕೋಟೆಯ ಬಸ್ಸು ಹತ್ತಿದರು. ಬಸ್ಸಿನ ಕಿಟಕಿಯಿಂದ ನನಗೆ ಹೇಳಿದ ಕೊನೆಯ ಮಾತು, "ಮೂಲ್ಯಾಗಿನ ಹಳೀ ಬೋರ್ಡಿನ ಮ್ಯಾಲ ಧೂಳಾ ಬಿಡಬ್ಯಾಡ."

ಆಮೇಲೆ ನಡೆದದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ; ನಾನೂ ವರ್ಗವಾಗಿ ಬಾಗಲಕೋಟೆಗೆ ಬಂದ ಮೇಲೂ ಹೇಳಲು ಆಗಿರಲಿಲ್ಲ. ಬೀಳ್ಕೊಡುಗೆಯಲ್ಲಿ ಹೇಳಬೇಕೆಂದು ಹೋಗಿ, ಮೈಕಿನ ಮುಂದಿನಿಂದ ಹೇಳದೆ ವಾಪಸ್ಸು ಬಂದದ್ದು ಇದನ್ನೇ.

ಅವರು ಹೋಗಿ ಕೆಲವು ತಿಂಗಳಾಗಿತ್ತು. ನನ್ನ ಹೆಂಡತಿ ಕೂಸನ್ನು ಕರೆದುಕೊಂಡು ಹುನಗುಂದದ ತವರಿಗೆ ಹೋಗಿದ್ದಳು. ಮಧ್ಯಾಹ್ನ ಎಕ್ಸ್‌ಚೇಂಜಿನಿಂದ ಮನೆಗೆ ಬಂದು, ಒಬ್ಬನೇ ಅಡುಗೆಮನೆಯಲ್ಲಿ ಕುಂತು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆ. ಗೋಡೆಯ ಆಚೆ ಗೌರವ್ವನ ಮನೆಯ ಫೋನು ಬಾರಿಸಿತು. ಬಾರಿಸಲಿ ಅಂದುಕೊಂಡೆ, ಅವಳು ಎದ್ದು ಗಿಡದ ಹತ್ತಿರ ಹೋಗುತ್ತಾಳೆ. ಎರಡು ಸಲ ಬಾರಿಸಿ ನಿಂತಿತು. ನಾನು ಚಟ್ನಿಗೆ ಎಣ್ಣೆ ಹಾಕಿಕೊಂಡೆ. ಮತ್ತೆ ಬಾರಿಸತೊಡಗಿತು.

ಕೈ ನಿಂತಿತು. ಗೌರವ್ವನ ಆ ಕಡೆ ಗೋದಾಮು, ಅಲ್ಲಿ ಮನುಷ್ಯರಿಲ್ಲ. ಈ ಕಡೆ ನಾನು. ನನ್ನ ಆಚೆ ಬಯಲು.

ಫೋನು ಬಾರಿಸುತ್ತಲೇ ಇತ್ತು. ಎತ್ತಬೇಡ ತಾಯಿ, ಎತ್ತಬೇಡ ಅಂತ ಮನಸ್ಸಿನೊಳಗೆ ಬೇಡಿಕೊಂಡೆ. ಅವಳು ಎತ್ತದಿದ್ದರೆ ಸುದ್ದಿ ನನ್ನದಾಗುವುದಿಲ್ಲ ಅನ್ನುವ ಹಾಗೆ. ಹೆಂಡತಿಯೋ, ಕೂಸೋ, ಅಪ್ಪನೋ, ಒಂದು ಉಸಿರಿಗೆ ಎಲ್ಲರ ಮುಖವೂ ಬಂದು ಹೋದವು. ನಡುವೆಯೇ ಗಂಟೆ ತುಂಡಾಯಿತು. ಅವಳು ಎತ್ತಿದ್ದಳು.

ಆಮೇಲೆ ನನಗೆ ತಿಳಿದದ್ದು ಇಷ್ಟು. ಬಾದಾಮಿಯಿಂದ ನನ್ನ ತಮ್ಮ ಎಕ್ಸ್‌ಚೇಂಜಿಗೆ ಫೋನ್ ಮಾಡಿ, ಅಪ್ಪ ಊಟಕ್ಕೆ ಕುಂತಲ್ಲೇ ಹೋದ ಅಂತ ಅತ್ತಿದ್ದ. ಎತ್ತಿದವನು ಹುಸೇನಸಾಬ. ಅಕ್ಕಾವರನ್ನು ನನಗಿಂತ ಹೆಚ್ಚು ಚೇಷ್ಟೆ ಮಾಡಿದವನು ಅವನೇ. ಅವನು ತಮ್ಮನಿಗೆ, "ನೀವು ಈಗ ಮನಿಗೆ ಮಾಡಬ್ಯಾಡ್ರಿ, ನಾ ಹೇಳಿದ ಮ್ಯಾಲ ಮಾಡ್ರಿ," ಅಂದು, ಗೌರವ್ವನ ನಂಬರು ತಿರುಗಿಸಿ, ಎರಡು ಸಲ ಬಾರಿಸಿ ಇಟ್ಟು, ಮತ್ತೆ ಹಚ್ಚಿ, ಅವಳು ಎತ್ತುವವರೆಗೂ ಬಿಡದೆ ಹಿಡಿದುಕೊಂಡು ನಿಂತಿದ್ದ.

ಗೌರವ್ವ ಬಂದಳು. ಕಸೂತಿಯ ಸೂಜಿ, ದಾರದ ಸಮೇತ, ಅವಳ ಬೆರಳಿನಲ್ಲೇ ಇತ್ತು. ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು, ಅದು ನಾಲ್ಕೇ ಹೆಜ್ಜೆಯ ದಾರಿ. ಹೊಸ್ತಿಲೊಳಗೆ ನೆಲದ ಮೇಲೆ ಕುಂತಳು. ಹಣೆಯ ಮೇಲಿನ ಗೆರೆ ಬೆವರಿನಲ್ಲಿ ಹೊಳೆಯುತ್ತಿತ್ತು.

"ಯಾರಂತ?" ಅಂದೆ.

"ಹೇಳಿಲ್ರಿ. ನಿಮ್ಮನಿಗೆ ಹೋಗಿ ಕುಂಡ್ರು ಅಂದ್ರು, ಬಂದೇನಿ."

ನನ್ನ ಮನೆಯ ಫೋನು ಬಾರಿಸತೊಡಗಿತು. ಆ ಮಶೀನನ್ನು ಲಾರಿಯಿಂದ ಇಳಿಸಿದವನು ನಾನು. ಅದರ ಒಂದೊಂದು ಕಾರ್ಡೂ ನನಗೆ ಗೊತ್ತು, ಆ ಗಂಟೆಗೆ ಎಷ್ಟು ವೋಲ್ಟ್ ಹೋಗುತ್ತದೆ ಅನ್ನುವುದೂ ಗೊತ್ತು. ನನ್ನ ಕೈ ಮೇಲೇಳಲಿಲ್ಲ. ಚಟ್ನಿ ಹತ್ತಿದ ಬೆರಳು ಹಾಗೇ ಹಿಡಿದುಕೊಂಡು ನಿಂತಿದ್ದೆ.

"ಎತ್ರಿ ಅಣ್ಣಾರ," ಅಂದಳು ಗೌರವ್ವ. "ನಾ ಇಲ್ಲೇ ಅದೇನಿ."

ಎತ್ತಿದೆ.